ಹೆಸರಿಗೂ ಒಂದು ಊರು ಬೇಕು

ಪ್ರೀತಿಯ ಅನಘಾ,

ನಿನ್ನ ಕಾದಂಬರಿಯ ಅಧ್ಯಾಯಗಳನ್ನು ಓದಿದೆ. ಕತೆ ಚೆನ್ನಾಗಿ ಓಡುತ್ತದೆ. ಸೇತುವೆ ಕಾಯುವ ಮುದುಕನ ಭಾಗವಂತೂ ತುಂಬಾ ಇಷ್ಟವಾಯಿತು. ಆದರೆ ಹೆಸರುಗಳ ಬಗ್ಗೆ ನಿನ್ನ ಹತ್ತಿರ ಮಾತಾಡಲೇಬೇಕು. ಥ್ರಾಕ್ಸ್, ಎಲ್ದ್ರಿಯಾನ್, ಝೊರ್ಮಾಕ್, ಹುರುಕ್ಸಾ ರಾಣಿ. ಇವರೆಲ್ಲ ಒಂದೇ ಊರಿನಲ್ಲಿ ಹುಟ್ಟಿದವರು ಅಂದರೆ ನನ್ನ ಕಿವಿ ಒಪ್ಪುವುದಿಲ್ಲ. ನೀನು ಇಂಗ್ಲೆಂಡಿನ ಫ್ಯಾಂಟಸಿ ಓದಿಕೊಂಡು ಬೆಳೆದವಳು. ಆ ಪುಸ್ತಕಗಳ ಹೆಸರುಗಳ ಸದ್ದು ನಿನಗೆ ಹಿಡಿಸಿದೆ. ಆ ಸದ್ದಿನ ಹಿಂದೆ ಅವರು ಮಾಡಿದ ಕೆಲಸವನ್ನೂ ಒಮ್ಮೆ ನೋಡು ಅಂತ ಈ ಪತ್ರ.

'ದ ಲಾರ್ಡ್ ಆಫ್ ದ ರಿಂಗ್ಸ್' ಎಂಬ ದೊಡ್ಡ ಕಾದಂಬರಿ ಬರೆದ ಟೋಲ್ಕಿನ್ ಅವರನ್ನೇ ತಗೋ. ಅವರು ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷ್ ಕಲಿಸುತ್ತಿದ್ದ ಮೇಷ್ಟರು. ಅದಕ್ಕೂ ಮುಂಚೆ, 1919–20ರಲ್ಲಿ, ಆಕ್ಸ್‌ಫರ್ಡ್ ನಿಘಂಟಿನ ಕಚೇರಿಯಲ್ಲಿ ಕೂತು 'ಡಬ್ಲ್ಯೂ' ಅಕ್ಷರದ ಪದಗಳ ಮೂಲ ಹುಡುಕಿದವರು. ವಿದ್ಯಾರ್ಥಿಯಾಗಿದ್ದಾಗ ಫಿನ್ನಿಶ್ ಭಾಷೆಯ ವ್ಯಾಕರಣ ಪುಸ್ತಕವೊಂದು ಅವರ ಕೈಗೆ ಸಿಕ್ಕಿತು. ಆ ಭಾಷೆಯ ಸದ್ದಿಗೆ ಮರುಳಾದರು. ಅದರ ಗುಂಗಿನಲ್ಲಿ ಕಟ್ಟಿದ್ದೇ ಕ್ವೆನ್ಯಾ. ವೇಲ್ಸ್ ಭಾಷೆಯ ನಾದದಿಂದ ಇನ್ನೊಂದನ್ನು ಕಟ್ಟಿದರು, ಅದು ಸಿಂಡರಿನ್. ಎರಡೂ ಅವರ ಕತೆಯ ಎಲ್ಫ್‌ಗಳೆಂಬ ಯಕ್ಷರಂಥ ಜನರ ಭಾಷೆಗಳು. ಎರಡಕ್ಕೂ ತಾಯಿಭಾಷೆ ಒಂದೇ. ಯಾವ ಅಕ್ಷರ ಯಾವ ಮಗಳಲ್ಲಿ ಹೇಗೆ ಬದಲಾಯಿತು ಅನ್ನುವುದನ್ನೂ ಲೆಕ್ಕ ಇಟ್ಟು ಬರೆದರು. ಭಾಷೆ ಮೊದಲು ಹುಟ್ಟಿತು, ಅದನ್ನಾಡುವ ಜನರಿಗೊಂದು ಲೋಕ ಬೇಕು ಅಂತ ಕತೆ ಆಮೇಲೆ ಬಂತು ಎಂದು ಅವರೇ ಹೇಳಿಕೊಂಡಿದ್ದಾರೆ.

ನೀನು ಹಾಗೆ ಮಾಡಬೇಕು ಅಂತ ನಾನು ಹೇಳುತ್ತಿಲ್ಲ. ಅದು ಒಂದು ಜೀವಮಾನದ ಕೆಲಸ. ಆದರೆ ಓದುಗರಿಗೆ ಅದರಿಂದ ಏನು ಸಿಗುತ್ತದೆ ನೋಡು. 1954–55ರಲ್ಲಿ ಬಂದ ಅವರ ದೊಡ್ಡ ಕಾದಂಬರಿಯಲ್ಲಿ ಕುದುರೆ ಸವಾರರ ನಾಡೊಂದಿದೆ, ರೋಹನ್. ಅಲ್ಲಿನವರ ಹೆಸರು ಥೇಯೊಡೆನ್, ಏಯೊಮೆರ್, ಏಯೊವಿನ್. ಎಲ್ಲವೂ ಹಳೆಯ ಇಂಗ್ಲಿಷ್. 'ಏಯೊ' ಅಂದರೆ ಕುದುರೆ, ಥೇಯೊಡೆನ್ ಅಂದರೆ ಒಡೆಯ. ಕುಳ್ಳರ ಹೆಸರುಗಳು ಬೇರೆ ಕಡೆಯವು. ಥೋರಿನ್, ಫೀಲಿ, ಕೀಲಿ, ಬೊಂಬುರ್ ಇವೆಲ್ಲ 'ವೋಲುಸ್ಪಾ' ಎಂಬ ಕಾವ್ಯದಲ್ಲಿರುವ ಪಟ್ಟಿಯಿಂದ ಎತ್ತಿದವು; ಅದು ನಾರ್ಸ್, ಅಂದರೆ ಸ್ಕ್ಯಾಂಡಿನೇವಿಯಾದ ಹಳೆಯ ಭಾಷೆಯಲ್ಲಿದೆ. ಮಂತ್ರವಾದಿ ಗ್ಯಾಂಡಾಲ್ಫ್ ಕೂಡ ಅದೇ ಪಟ್ಟಿಯಿಂದ ಬಂದವನು. ಹಾಬಿಟ್‌ಗಳೆಂಬ ಪುಟ್ಟ ಜನರ ಮನೆತನಗಳಿಗೂ ಊರುಗಳಿಗೂ ಮಾತ್ರ ಹೆಚ್ಚಾಗಿ ಹಳ್ಳಿ ಇಂಗ್ಲಿಷ್ ಹೆಸರುಗಳು. ಬಿಲ್ಬೋ ಎಂಬ ಹಾಬಿಟ್‌ನ ಮನೆಯ ಹೆಸರು ಬ್ಯಾಗ್ ಎಂಡ್. ಅದು ವೂಸ್ಟರ್‌ಶೈರಿನಲ್ಲಿ ಟೋಲ್ಕಿನ್ ಅವರ ಚಿಕ್ಕಮ್ಮನ ತೋಟದ ಮನೆಗಿದ್ದ ಹೆಸರೇ!

ಇದರ ಗುಟ್ಟು ಇಷ್ಟೇ. ಓದುಗನಿಗೆ ಹಳೆಯ ಇಂಗ್ಲಿಷೂ ಬರುವುದಿಲ್ಲ, ನಾರ್ಸೂ ಬರುವುದಿಲ್ಲ. ಆದರೂ ಹೊಸ ಪಾತ್ರ ಬಾಗಿಲಲ್ಲಿ ನಿಂತು ಹೆಸರು ಹೇಳಿದ ಕೂಡಲೇ ಇವನು ಯಾವ ಕಡೆಯವನು ಅಂತ ಕಿವಿಗೆ ಗೊತ್ತಾಗುತ್ತದೆ. ಒಂದು ಜನಕ್ಕೆ ಒಂದು ಸದ್ದು. ನಿನ್ನ ಬೆಟ್ಟದ ಜನಕ್ಕೂ ಬಯಲಿನ ಜನಕ್ಕೂ ಅಂಥ ಗೆರೆ ಎಳೆ. ಬೆಟ್ಟದವರ ಹೆಸರಿನಲ್ಲಿ ಮಹಾಪ್ರಾಣ ಬರಕೂಡದು ಅಂತ ಒಂದು ನಿಯಮ ಇಟ್ಟುಕೊಂಡರೂ ಸಾಕು, ವ್ಯತ್ಯಾಸ ತಾನಾಗಿ ಕೇಳಿಸುತ್ತದೆ.

ಹೆಸರು ಬೇರೆ, ಪದ ಬೇರೆ. ಹೊಸ ಪದ ಹುಟ್ಟಿಸುವುದರಲ್ಲಿ ನನಗೆ ಎಲ್ಲರಿಗಿಂತ ಜಾಸ್ತಿ ಇಷ್ಟವಾದವರು ರಿಚರ್ಡ್ ಆಡಮ್ಸ್. 1972ರ 'ವಾಟರ್‌ಶಿಪ್ ಡೌನ್' ಮೊಲಗಳ ಕತೆ. ಕಾರಿನಲ್ಲಿ ಹೋಗುವಾಗ ಹೆಣ್ಣುಮಕ್ಕಳಿಗೆ ಹೇಳಲು ಶುರು ಮಾಡಿದ್ದಂತೆ. ಆ ಮೊಲಗಳಿಗೆ ಮೋಟಾರು ಗಾಡಿ ಅಂದರೆ 'ಹ್ರುಡುಡು'. ಎಂಜಿನ್ ಸದ್ದು ಅದರಲ್ಲೇ ಇದೆ ಅಲ್ವಾ? ಮೊಲಕ್ಕೆ ನಾಲ್ಕರವರೆಗೆ ಮಾತ್ರ ಎಣಿಸಲು ಬರುತ್ತದೆ, ಅದಕ್ಕಿಂತ ಹೆಚ್ಚಿದ್ದರೆ ಎಲ್ಲವೂ 'ಹ್ರೇರ್'. ಮೇಲೆ ಬಂದು ಹುಲ್ಲು ಮೇಯುವುದು 'ಸಿಲ್ಫ್ಲೇ'. ಹೆದರಿ ಕಾಲು ಕಿತ್ತಿಡಲಾಗದೆ ನಿಂತುಬಿಡುವುದು 'ಥಾರ್ನ್'. ಮೊಲಕ್ಕೆ ಬೇಕಾದ, ಮನುಷ್ಯರ ಮಾತಿನಲ್ಲಿ ಸರಿಯಾಗಿ ಸಿಗದ ಸಂಗತಿಗಳಿಗೇ ಹೆಚ್ಚಾಗಿ ಅವರು ಪದ ಮಾಡಿದರು. ಮರಕ್ಕೆ ಮರ ಅಂತಲೇ ಅಂದರು.

ಪುಸ್ತಕದ ಕೊನೆಯ ಹೊತ್ತಿಗೆ ಬಿಗ್‌ವಿಗ್ ಎಂಬ ಮೊಲ ಕ್ರೂರಿ ಜನರಲ್‌ಗೆ ಮೊಲದ ಭಾಷೆಯಲ್ಲೇ ಒಂದು ಇಡೀ ಬೈಗುಳ ಬಿಸಾಡುತ್ತದೆ. ಆ ಜಾಗದಲ್ಲಿ ಅರ್ಥ ಕೊಟ್ಟಿಲ್ಲ. ಕೊಡುವ ಅಗತ್ಯವೂ ಇಲ್ಲ. ಅಷ್ಟರೊಳಗೆ ಆ ಪದಗಳನ್ನು ಒಂದೊಂದಾಗಿ ನಾವು ಕಲಿತುಬಿಟ್ಟಿರುತ್ತೇವೆ. 'ಹಿಕ್ಕೆ ತಿನ್ನು, ನಾರುವ ದೊರೆಯೇ' ಅನ್ನುವಂಥ ಮಾತು ಅದು. ತಿಳಿದು ನಗುವಾಗ ಮೈ ಜುಮ್ಮೆನ್ನುತ್ತದೆ. ನೀನು ಮೊದಲ ಪುಟದಲ್ಲೇ ಹನ್ನೊಂದು ಹೊಸ ಪದ ಹಾಕಿ, ಕೆಳಗೆ ಅಡಿಟಿಪ್ಪಣಿ ಬರೆದಿದ್ದೀಯ. ಬೇಡ ಮಗಳೇ. ಒಂದು ಅಧ್ಯಾಯಕ್ಕೆ ಒಂದೆರಡು ಸಾಕು. ಆ ವಸ್ತು ಕಣ್ಣೆದುರು ಇರುವಾಗ ಪದ ಹೇಳು. ಆಮೇಲೆ ಮರೆಯದ ಹಾಗೆ ಮತ್ತೆ ಮತ್ತೆ ಬಳಸು.

ನಿನ್ನ ಲೋಕ ನಮ್ಮದಕ್ಕೆ ಹತ್ತಿರವಾದದ್ದು, ಆದ್ದರಿಂದ ಫಿಲಿಪ್ ಪುಲ್ಮನ್ ಅವರ ದಾರಿಯೂ ನಿನಗೆ ಉಪಯೋಗಕ್ಕೆ ಬಂದೀತು. ಅವರ 1995ರ 'ನಾರ್ದರ್ನ್ ಲೈಟ್ಸ್' ಕತೆಯ ಲೋಕದಲ್ಲಿ ಕರೆಂಟಿಗೆ 'ಅನ್ಬಾರಿಕ್' ಅನ್ನುತ್ತಾರೆ. ಸುಮ್ನೆ ಹುಟ್ಟಿಸಿದ್ದಲ್ಲ. ಇಂಗ್ಲಿಷಿನ ಎಲೆಕ್ಟ್ರಿಸಿಟಿ ಪದ ಗ್ರೀಕರು ಅಂಬರಿಗೆ ಇಟ್ಟ ಹೆಸರಿನಿಂದ ಬಂದದ್ದು. ಮರದ ಅಂಟು ಕಲ್ಲಾದ ಆ ಅಂಬರನ್ನು ಉಜ್ಜಿದರೆ ಹಗುರ ಚೂರುಗಳನ್ನು ಎಳೆದುಕೊಳ್ಳುತ್ತದೆ. ಪುಲ್ಮನ್ ಗ್ರೀಕ್ ಬಿಟ್ಟು ಅರಬ್ಬಿಯ 'ಅನ್ಬರ್' ಹಿಡಿದರು, ಅಷ್ಟೇ. ಆ ಲೋಕದ ಚರಿತ್ರೆ ಬೇರೆ ದಾರಿಯಲ್ಲಿ ನಡೆದಿದೆ ಅಂತ ಒಂದೇ ಪದದಲ್ಲಿ ತಿಳಿಯಿತು. ಎಷ್ಟು ಮುದ್ದಾದ ಕೆಲಸ!

ಹಾಗಂತ ಎಲ್ಲದಕ್ಕೂ ಹೊಸದು ಬೇಕಿಲ್ಲ. ಸಿ. ಎಸ್. ಲೂಯಿಸ್ ಅವರ ನಾರ್ನಿಯಾ ಕತೆಗಳ ಸಿಂಹ ಅಸ್ಲಾನ್, ಟರ್ಕಿಯ ಭಾಷೆಯಲ್ಲಿ ಅದರ ಅರ್ಥವೂ ಸಿಂಹವೇ. ಹ್ಯಾರಿ ಪಾಟರ್ ಕತೆಗಳ ಮಂತ್ರವಾದಿ ಮೇಷ್ಟರು ಡಂಬಲ್‌ಡೋರ್; ಆ ಪದಕ್ಕೆ ಇಂಗ್ಲಿಷಿನ ಹಳ್ಳಿಯ ಆಡುಮಾತಿನಲ್ಲಿ ದುಂಬಿ ಅಂತ ಅರ್ಥ. ಇದ್ದ ಪದವನ್ನು ಸರಿಯಾದ ಜಾಗದಲ್ಲಿ ಕೂರಿಸುವುದೂ ಜಾಣತನವೇ.

ಈಗ ಅವರಿಗಿಲ್ಲದ, ನಿನಗಿರುವ ಕೆಲಸ. ನೀನು ಬರೆಯುತ್ತಿರುವುದು ಕನ್ನಡದಲ್ಲಿ. ಇಲ್ಲಿ ಹೆಸರು ಒಂಟಿಯಾಗಿ ನಿಲ್ಲುವುದಿಲ್ಲ, ವಿಭಕ್ತಿ ಹಿಡಿದುಕೊಂಡೇ ನಡೆಯುತ್ತದೆ. ಥ್ರಾಕ್ಸ್‌ನಿಗೆ, ಥ್ರಾಕ್ಸ್‌ನಿಂದ, ಥ್ರಾಕ್ಸ್‌ನೊಡನೆ ಅಂತ ಗಟ್ಟಿಯಾಗಿ ಓದಿ ನೋಡು. ನಾಲಿಗೆ ಪ್ರತಿಸಲ ಎಡವುತ್ತದೆ. ನಿನ್ನ ಚಿಕ್ಕ ಪಾತ್ರ ಒರವಿ ಇದ್ದಾಳಲ್ಲ, ಅವಳ ಹೆಸರು ಒರವಿಗೆ, ಒರವಿಯಿಂದ, ಒರವಿಯ ಜೊತೆ ಅಂತ ಹರಿಯುತ್ತದೆ. ಕಾದಂಬರಿ ಮುಗಿಯುವಷ್ಟರಲ್ಲಿ ನಾಯಕನ ಹೆಸರು ಸಾವಿರ ಸಲ ಬರುತ್ತದೆ. ಎಲ್ಲ ವಿಭಕ್ತಿಯಲ್ಲೂ ಬಾಯಿಬಿಟ್ಟು ಹೇಳಿ ನೋಡದೆ ಯಾವ ಹೆಸರನ್ನೂ ಗಟ್ಟಿ ಮಾಡಬೇಡ.

ಇನ್ನೊಂದು. ಇಂಗ್ಲಿಷಿನಲ್ಲಿ ಹೆಸರನ್ನು ಹೇಗೆ ಓದುವುದು ಅನ್ನುವುದೇ ತಕರಾರು. ಟೋಲ್ಕಿನ್ ಪುಸ್ತಕದ ಕೊನೆಯಲ್ಲಿ ಉಚ್ಚಾರಣೆಯ ನಿಯಮಗಳನ್ನೇ ಕೊಡಬೇಕಾಯಿತು. ಹ್ಯಾರಿ ಪಾಟರ್‌ನ ಗೆಳತಿ ಹರ್ಮೈನಿಯ ಹೆಸರು ಹೇಗೆ ಹೇಳಬೇಕು ಅಂತ ಲೇಖಕಿ ರೌಲಿಂಗ್ 2000ದಲ್ಲಿ ಬಂದ ನಾಲ್ಕನೆಯ ಪುಸ್ತಕದಲ್ಲಿ ಅವಳ ಬಾಯಲ್ಲೇ ಹೇಳಿಸಿದರು. ನಮ್ಮ ಲಿಪಿಗೆ ಆ ಕಷ್ಟವಿಲ್ಲ. ಬರೆದ ಹಾಗೇ ಓದುತ್ತಾರೆ. ಆದ್ದರಿಂದ ಹ್ರಸ್ವ, ದೀರ್ಘ, ಒತ್ತು ಎಲ್ಲವನ್ನೂ ನೀನೇ ತೀರ್ಮಾನಿಸಬೇಕು. ನಿನ್ನ ಹಸ್ತಪ್ರತಿಯಲ್ಲಿ ಎಲ್ದ್ರಿಯಾನ್ ಒಂದು ಕಡೆ ಎಲ್ಡ್ರಿಯನ್ ಆಗಿದ್ದಾನೆ. ತಿದ್ದು.

ಕ್ರಿಯಾಪದವೂ ಸುಮ್ಮನಿರುವುದಿಲ್ಲ. ನಿನ್ನ ನೆರಳು ಜೀವಿಗಳು ಒಂದು ಪುಟದಲ್ಲಿ 'ಬಂದವು', ಮುಂದಿನ ಪುಟದಲ್ಲಿ 'ಬಂದರು'. ಬಂದದ್ದು ಪ್ರಾಣಿಗಳೋ ಜನರೋ ಅಂತ ಇಂಗ್ಲಿಷ್ ಲೇಖಕರು ಎಷ್ಟೋ ಪುಟ ಮುಚ್ಚಿಡಬಹುದು. ಕನ್ನಡದಲ್ಲಿ ಮೊದಲ ವಾಕ್ಯದ ಕೊನೆಗೇ ಬಯಲಾಗುತ್ತದೆ. ಒರವಿ ಅವಕ್ಕೆ ಹೆದರುವವರೆಗೆ 'ಅವು' ಇರಲಿ, ಅವರ ಕಷ್ಟ ಅವಳಿಗೆ ತಿಳಿದ ದಿನದಿಂದ 'ಅವರು' ಆಗಲಿ. ನನಗಂತೂ ಇದು ತುಂಬಾ ಒಳ್ಳೆಯ ಅವಕಾಶ ಅನ್ನಿಸುತ್ತದೆ.

ಹುರುಕ್ಸಾ ರಾಣಿಯ ಹೆಸರನ್ನು ದಯವಿಟ್ಟು ಬದಲಿಸು. ಹುರುಕು ಅಂದರೆ ಕಜ್ಜಿ. ಹಳ್ಳಿಯ ಕಡೆಯ ಓದುಗರಿಗೆ ಬೇರೇನೂ ಕೇಳಿಸುವುದಿಲ್ಲ.

ದೀಪಾವಳಿಗೆ ಬರುವಾಗ ನಿನ್ನ ನಕ್ಷೆಯನ್ನು ತಾ. ಮೊದಲು ನದಿಗಳಿಗೆ ಹೆಸರಿಡೋಣ. ಇಂಗ್ಲೆಂಡಿನಲ್ಲಿ ಏವನ್ ಅನ್ನುವ ನದಿಗಳು ಹಲವು ಇವೆ. ಇಂಗ್ಲಿಷರು ಬರುವ ಮುಂಚೆ ಅಲ್ಲಿದ್ದವರ ಭಾಷೆಯಲ್ಲಿ ಅದರ ಅರ್ಥ ಬರೀ 'ನದಿ'. ಊರುಗಳಿಗೆ ಬಂದವರು ಹೊಸ ಹೆಸರಿಟ್ಟರು, ನೀರಿಗೆ ಹಳೆಯ ಹೆಸರೇ ಉಳಿಯಿತು. ನಿನ್ನ ಕತೆಯಲ್ಲಿ ಬೆಟ್ಟದವರೇ ಮೊದಲಿನವರು ಅಲ್ವಾ? ಹಾಗಾದರೆ ಬಯಲಿನಲ್ಲಿ ಹರಿಯುವ ನದಿಗೂ ಬೆಟ್ಟದವರ ಸದ್ದಿನ ಹೆಸರೇ ಇರಬೇಕು. ಒಂದೆರಡು ಹೆಸರು ನಾನೂ ಯೋಚಿಸಿ ಇಟ್ಟಿರುತ್ತೇನೆ.

ಪ್ರೀತಿಯಿಂದ,
ನಿನ್ನ ದೊಡ್ಡಮ್ಮ