ಕಣ್ಣು ಕಾಣದ ನನ್ನ ಅಮ್ಮನ ಆರೈಕೆಯಲ್ಲಿ ಆಗುತ್ತಿರುವ ಲೋಪಗಳ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ವೃದ್ಧಾಶ್ರಮ, ಮೈಸೂರು

ಮಾನ್ಯರೇ,

ನಿಮ್ಮಲ್ಲಿರುವ ನನ್ನ ಅಮ್ಮನ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ. ಗ್ಲಾಕೋಮಾ ಅನ್ನುವ ಕಣ್ಣಿನ ಕಾಯಿಲೆಯಿಂದ ಅವರ ದೃಷ್ಟಿ ಹೋಗಿದೆ. ಬೆಳಕು ಕತ್ತಲೆಯಷ್ಟೇ ಗೊತ್ತಾಗುತ್ತದೆ. ಸೇರಿಸುವಾಗಲೇ ಇದನ್ನು ಹೇಳಿದ್ದೆವು. ‘ವಿಶೇಷ ಆರೈಕೆ’ ಅಂತ ಪ್ರತಿ ತಿಂಗಳ ಬಿಲ್ಲಿನಲ್ಲಿ ಜಾಸ್ತಿ ಹಣವನ್ನೂ ಹಾಕುತ್ತೀರಿ. ಆದರೆ ಆ ಹೆಸರಲ್ಲಿ ನಡೆಯುತ್ತಿರುವುದು ಅಮ್ಮನನ್ನು ದಿನವಿಡೀ ಕುರ್ಚಿಯಲ್ಲಿ ಕೂರಿಸಿಡುವ ಕೆಲಸ.

ಹೊಸದರಲ್ಲಿ ಅಮ್ಮ ಗೋಡೆ ಸವರಿಕೊಂಡು, ಕೋಲು ತಟ್ಟಿಕೊಂಡು ಮಂಚದಿಂದ ಬಚ್ಚಲಿಗೆ, ಅಲ್ಲಿಂದ ಊಟದ ಹಾಲ್‌ಗೆ ತಾವೇ ಹೋಗುವುದನ್ನು ಕಲಿತಿದ್ದರು. ಕಳೆದ ತಿಂಗಳು ಅವರನ್ನೂ ಕೇಳದೆ, ನಮಗೂ ಹೇಳದೆ ಬೇರೆ ಕೋಣೆಗೆ ಹಾಕಿದಿರಿ. ಕಲಿತ ದಾರಿಯೆಲ್ಲ ಒಂದೇ ದಿನದಲ್ಲಿ ಹೋಯಿತು. ಹೊಸ ಕೋಣೆಯ ಬಾಗಿಲನ್ನು ಯಾವಾಗಲೂ ಅರ್ಧ ತೆಗೆದು ಬಿಟ್ಟಿರುತ್ತಾರೆ. ಪೂರ್ತಿ ತೆಗೆದ ಬಾಗಿಲಾದರೂ ಸರಿ, ಪೂರ್ತಿ ಮುಚ್ಚಿದ್ದಾದರೂ ಸರಿ. ಅರ್ಧ ತೆರೆದದ್ದರ ಅಂಚು ಕೈಗೆ ಸಿಗುವುದಿಲ್ಲ, ನೇರ ಹಣೆಗೇ ಬಡಿಯುತ್ತದೆ. ಅಮ್ಮನಿಗೆ ಪೆಟ್ಟಾದದ್ದು ಹಾಗೆಯೇ. ಆಮೇಲೂ ಬಾಗಿಲಿನ ವಿಷಯ ಯಾರೂ ಯೋಚಿಸಲಿಲ್ಲ. ಬೀಳುತ್ತಾರೆ ಅಂತ ಕೋಲನ್ನೇ ತೆಗೆದಿಟ್ಟಿರಿ. ನಡೆಯದೆ ಕೂತರೆ ಕಾಲಿನ ಶಕ್ತಿ ಹೋಗಿ ಬೀಳುವ ಭಯ ಇನ್ನೂ ಹೆಚ್ಚುತ್ತದೆ, ಅಲ್ವಾ?

ಕಣ್ಣಿನ ಹನಿಗಳದ್ದು ಇನ್ನೊಂದು ಕಥೆ. ಎರಡು ಬಾಟಲಿಗಳಲ್ಲಿ ಒಂದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿಕೊಟ್ಟಿದ್ದೆ. ಮುಟ್ಟಿದರೆ ಅಮ್ಮನಿಗೆ ಯಾವುದು ಅಂತ ತಿಳಿಯುತ್ತಿತ್ತು. ಅದನ್ನು ಯಾರೋ ಕಿತ್ತು ಹಾಕಿದ್ದಾರೆ. ಈಗ ಸಿಬ್ಬಂದಿಯೇ ಎರಡನ್ನೂ ಒಟ್ಟಿಗೆ ಹಾಕಿಬಿಡುತ್ತಾರೆ. ನಡುವೆ 5 ನಿಮಿಷವಾದರೂ ಬಿಡಬೇಕು, ಇಲ್ಲದಿದ್ದರೆ ಮೊದಲು ಹಾಕಿದ್ದು ತೊಳೆದು ಹೋಗುತ್ತದೆ. ದೃಷ್ಟಿ ಹೋಗಿದೆ ಅಂತ ಔಷಧ ಬೇಡವೆಂದಲ್ಲ. ಕಣ್ಣಿನ ಒತ್ತಡ ಏರಿದರೆ ನೋವು ತಿನ್ನುವವರು ಅಮ್ಮ.

ನನಗೆ ತುಂಬಾ ಸಂಕಟವಾದದ್ದು ಬೇರೆ. ಗೋಡೆಯ ಮೇಲೆ ಬಣ್ಣದ ಬಟ್ಟೆ ತೊಟ್ಟ ಮಕ್ಕಳು ಕಾಣುತ್ತಾರೆ ಅಂತ ಅಮ್ಮ ನಿಮ್ಮ ನರ್ಸ್‌ಗೆ ಹೇಳಿದರಂತೆ. ತಕ್ಷಣ ‘ಅಜ್ಜಿಗೆ ಬುದ್ಧಿ ಕೆಟ್ಟಿದೆ’ ಅಂತ ಎಲ್ಲರ ಮುಂದೆ ಮಾತಾಯಿತು, ನಿದ್ದೆ ಮಾತ್ರೆಯೂ ಶುರುವಾಯಿತು. ದೃಷ್ಟಿ ಕಳೆದುಕೊಂಡ ಹಿರಿಯರಿಗೆ ಹೀಗೆ ಇಲ್ಲದ್ದು ಕಾಣಿಸುವುದಕ್ಕೆ ಚಾರ್ಲ್ಸ್ ಬೋನೆ ಸಿಂಡ್ರೋಮ್ ಅನ್ನುತ್ತಾರೆ. ಜಿನೀವಾದ ವಿಜ್ಞಾನಿ ಬೋನೆ ತನ್ನ ತಾತನಿಗೆ ಹೀಗಾಗುವುದನ್ನು ಕಂಡು 1760ರಲ್ಲೇ ಬರೆದಿಟ್ಟಿದ್ದಾನೆ. ಕಣ್ಣಿನಿಂದ ಏನೂ ಬರದಿದ್ದಾಗ ಮೆದುಳು ತಾನೇ ಚಿತ್ರ ಕಟ್ಟುತ್ತದೆ. ಆ ಮಕ್ಕಳು ನಿಜವಲ್ಲ ಅಂತ ಅಮ್ಮನಿಗೆ ಚೆನ್ನಾಗಿ ಗೊತ್ತು. ಈಗ ಅವರು ಏನು ಕಂಡರೂ ಬಾಯಿ ಬಿಡುವುದಿಲ್ಲ. ಒಬ್ಬ ಕಣ್ಣಿನ ಡಾಕ್ಟರನ್ನು ಕೇಳುವ ಮೊದಲೇ ಮಾತ್ರೆ ಕೊಡಲು ಒಪ್ಪಿದವರು ಯಾರು?

ಒಳಗೆ ಬಂದವರು ಹೆಸರು ಹೇಳುವುದಿಲ್ಲ, ಹೊರಡುವಾಗಲೂ ಹೇಳುವುದಿಲ್ಲ. ಅಮ್ಮ ಖಾಲಿ ಕೋಣೆಯಲ್ಲಿ ಮಾತಾಡುತ್ತಾ ಕೂತಿರುವುದನ್ನು ನಾನೇ ನೋಡಿದ್ದೇನೆ. ರಾತ್ರಿ ಪಾಳಿಯ ಒಬ್ಬ ಆಯಾ ಮಾತ್ರ ಬಾಗಿಲಲ್ಲೇ ತನ್ನ ಹೆಸರು ಹೇಳುತ್ತಾರೆ, ತೋಳು ಹಿಡಿದು ಎಳೆಯದೆ ತಮ್ಮ ಮೊಣಕೈ ಕೊಡುತ್ತಾರೆ. ‘ಮುದ್ದೆ ನಿಮ್ಮ ಕಡೆಗಿದೆ, ಪಲ್ಯ ಎಡಕ್ಕೆ, ಸಾರು ಬಿಸಿ’ ಅಂತಾರೆ. ಅವತ್ತು ಅಮ್ಮ ತಾವೇ ಉಣ್ಣುತ್ತಾರೆ. ಉಳಿದವರು ಹೊತ್ತು ಉಳಿಸಲು ಬಾಯಿಗೆ ತುರುಕುತ್ತಾರೆ. ಆ ಆಯಾ ಮಾಡುವುದನ್ನೇ ಮಿಕ್ಕವರಿಗೂ ಕಲಿಸಿ ಅಂತ ಕೇಳುತ್ತಿದ್ದೇನೆ.

ಕೋಲನ್ನು ಇವತ್ತೇ ಅಮ್ಮನ ಕೈಗೆ ಕೊಡಿ. ಹಳೇ ಕೋಣೆಗೆ ಕಳಿಸಿ. ನಿದ್ದೆ ಮಾತ್ರೆ ಯಾರ ಸಲಹೆಯ ಮೇಲೆ ಶುರುವಾಯಿತು ಅನ್ನುವುದರ ದಾಖಲೆ ನನಗೆ ಬೇಕು. ಅದನ್ನು ಮುಂದುವರಿಸಬೇಕೋ ಬೇಡವೋ ಅಂತ ಡಾಕ್ಟರ್ ಹೇಳಲಿ. ಕೋಣೆ ಬದಲಿಸಿದ ತಿಂಗಳಿಂದ ಪಡೆದ ವಿಶೇಷ ಆರೈಕೆಯ ಹಣ ವಾಪಸ್ ಕೊಡಿ.

15 ದಿನದೊಳಗೆ ಬರಹದಲ್ಲಿ ಉತ್ತರ ಬರದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡುತ್ತೇನೆ. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ಈ ಪತ್ರದ ಪ್ರತಿಯನ್ನೂ ಕೊಡುತ್ತೇನೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಅಮ್ಮನಿಗೂ ಅನ್ವಯಿಸುತ್ತದೆ.

ಇಂತಿ,
ನಿವಾಸಿಯ ಮಗಳು