ಬಾದಾಮಿ ಬಂಡೆಯಲ್ಲಿ ಜೊತೆಗೆ ಇಳಿದ ಅಣ್ಣನಿಗೆ

ಬಾದಾಮಿಯಲ್ಲಿ ಒಂದು ವಾರದ ಸಾಹಸ ಶಿಬಿರ. ನಾಲ್ಕನೇ ದಿನ ಹಗ್ಗ ಹಿಡಿದು ಕೆಂಪು ಮರಳುಗಲ್ಲಿನ ಬಂಡೆ ಇಳಿಯಬೇಕಿತ್ತು. ಅರ್ಧದಲ್ಲೇ ನನ್ನ ಕಾಲು ನಡುಗೋಕೆ ಶುರುವಾಯ್ತು. ಹತ್ತೋಕೂ ಆಗದು, ಇಳಿಯೋಕೂ ಆಗದು. ಅಳು ಬಂತು.

ಹಗ್ಗ ಕಟ್ಟಲು ಅವತ್ತೊಂದು ದಿನ ಬಂದಿದ್ದ ಊರಿನ ಅಣ್ಣ, ಇನ್ನೊಂದು ಹಗ್ಗದಲ್ಲಿ ನನ್ನ ಪಕ್ಕಕ್ಕೇ ಇಳಿದರು. ಅವಸರ ಮಾಡಲಿಲ್ಲ. ಮೊದಲು ನನ್ನ ಸೊಂಟದ ಬೆಲ್ಟಿನ ಕೊಂಡಿ ಎಳೆದು ತೋರಿಸಿದರು. "ಗಟ್ಟಿ ಐತಿ ನೋಡವ್ವ ತಂಗಿ. ಕೆಳಗ ನೋಡಬ್ಯಾಡ. ಪಾದ ಪೂರಾ ಕಲ್ಲಿಗೆ ಊರು, ಹಿಂದಕ್ಕ ವಾಲು."

ಹಿಂದಕ್ಕೆ ವಾಲಿದರೆ ಬೀಳ್ತೀವಿ ಅನ್ಸುತ್ತೆ ಅಲ್ವಾ? ವಾಲಿದ ಮೇಲೇ ಕಾಲು ಜಾರದೆ ನಿಂತಿತು. ನಾನು ಒಂದು ಹೆಜ್ಜೆ ಇಟ್ಟರೆ ಅವರೂ ಒಂದೇ ಹೆಜ್ಜೆ.

ನೆಲ ಮುಟ್ಟಿದಾಗ ಜೇಬಿನಿಂದ ಶೇಂಗಾ, ಬೆಲ್ಲ ತೆಗೆದು ಅಂಗೈಗೆ ಹಾಕಿದರು. ಹೆಸರು ಕೇಳುವಷ್ಟರಲ್ಲಿ ಮತ್ತೆ ಮೇಲೆ ಹೋಗಿದ್ದರು. ಅಣ್ಣಾ, ಮರುದಿನ ನಾನೊಬ್ಬಳೇ ಇಳಿದೆ. ತುಂಬಾ ಥ್ಯಾಂಕ್ಸ್.