ಪಿಂಚಣಿಯಿಂದ ಕಾರ್ಡ್ ಬಾಕಿ ಮುರಿದುಕೊಂಡಿದ್ದರ ಬಗ್ಗೆ ದೂರು

ಇವರಿಗೆ,
ದೂರು ಪರಿಹಾರ ಅಧಿಕಾರಿಗಳು,
ಕ್ರೆಡಿಟ್ ಕಾರ್ಡ್ ವಿಭಾಗ

ಮಾನ್ಯರೇ,

ಈ ತಿಂಗಳ ಪಿಂಚಣಿ 18,400 ರೂಪಾಯಿ ನಿಮ್ಮಲ್ಲಿರುವ ನನ್ನ ಉಳಿತಾಯ ಖಾತೆಗೆ ಬಂತು. ಸಂಜೆಯೊಳಗೆ ಅದರಲ್ಲಿ 11,200 ರೂಪಾಯಿಯನ್ನು ಕಾರ್ಡ್ ಬಾಕಿಗೆ ಮುರಿದುಕೊಂಡಿದ್ದೀರಿ. ಮೊದಲೇ ಒಂದು ನೋಟಿಸ್ ಕೂಡ ಕೊಡಲಿಲ್ಲ. ಎಟಿಎಂ ಮುಂದೆ ನಿಂತಾಗಲೇ ನನಗೆ ಗೊತ್ತಾಗಿದ್ದು. ಉಳಿದ 7,200ರಲ್ಲಿ ಬಾಡಿಗೆ ಕೊಟ್ಟ ಮೇಲೆ ಹೆಂಡತಿಯ ಮಾತ್ರೆಗೆ ಕೈಸಾಲ ಮಾಡಬೇಕಾಯಿತು.

ಸಾಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆಕೆಯ ಆಪರೇಷನ್‌ಗೆ 84,000 ರೂಪಾಯಿಯನ್ನು ಕಾರ್ಡಿನಲ್ಲಿ ಕಟ್ಟಿದವನು ನಾನೇ. 14 ತಿಂಗಳು ತಪ್ಪದೆ ಕನಿಷ್ಠ ಮೊತ್ತ ಕಟ್ಟಿದೆ, ಒಟ್ಟು ಸುಮಾರು 58,000. ಆಮೇಲೆ ಐದು ತಿಂಗಳು ಕೈಲಾಗಲಿಲ್ಲ. ಈಗ ಸ್ಟೇಟ್‌ಮೆಂಟ್‌ನಲ್ಲಿ ಬಾಕಿ 95,600 ಎಂದಿದೆ. ತಿಂಗಳಿಗೆ ಶೇ 3.5 ಬಡ್ಡಿ, ಅಂದರೆ ವರ್ಷಕ್ಕೆ ಶೇ 42. ಅದರ ಮೇಲೆ ಶೇ 18 ಜಿಎಸ್‌ಟಿ, ತಡವಾದರೆ ದಂಡ. ‘ಕನಿಷ್ಠ ಕಟ್ಟಿಕೊಂಡು ಹೋದ್ರೆ ಸಾಕು ಸರ್’ ಎಂದಿದ್ದ ಕಾರ್ಡ್ ಮಾಡಿಸಿದ ಹುಡುಗ. ಪಾಪ, ಈ ಲೆಕ್ಕ ಅವನಿಗೂ ಗೊತ್ತಿತ್ತೋ ಇಲ್ಲವೋ.

ನನ್ನ ತಕರಾರು ಇರುವುದು ಹಣ ಎಲ್ಲಿಂದ ತೆಗೆದಿರಿ ಎನ್ನುವುದರ ಬಗ್ಗೆ. ನಾನು ನಿವೃತ್ತ ಸರ್ಕಾರಿ ನೌಕರ. ಆ ಖಾತೆಗೆ ಪಿಂಚಣಿ ಬಿಟ್ಟು ಬೇರೆ ಒಂದು ಪೈಸೆಯೂ ಬರುವುದಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಪ್ರಕಾರ ಸರ್ಕಾರಿ ಪಿಂಚಣಿಯನ್ನು ಸಾಲಕ್ಕಾಗಿ ಜಪ್ತಿ ಮಾಡುವಂತಿಲ್ಲ. 1871ರ ಪಿಂಚಣಿ ಕಾಯ್ದೆಯ 11ನೇ ಕಲಂ ಹೇಳುವುದೂ ಅದನ್ನೇ. ‘ಖಾತೆಗೆ ಬಿದ್ದ ಮೇಲೆ ಅದು ಬರೀ ಠೇವಣಿ’ ಎಂದು ಶಾಖೆಯವರು ವಾದಿಸಿದರು. ಆದರೆ ಪಿಂಚಣಿ, ಗ್ರಾಚ್ಯುಟಿ ಕೈಗೆ ಬಂದ ಮೇಲೂ ಈ ರಕ್ಷಣೆ ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ನೀವು ದಾವೆ ಹೂಡಿ, ಗೆದ್ದು, ಡಿಕ್ರಿ ಹಿಡಿದು ಬಂದಿದ್ದರೂ ಜಪ್ತಿ ಮಾಡಲಾಗದ ಹಣ ಇದು. ಕೋರ್ಟಿನ ಮೆಟ್ಟಿಲೇ ಹತ್ತದೆ ತೆಗೆದುಕೊಂಡಿದ್ದೀರಿ, ಅಲ್ವಾ?

‘ಕಾರ್ಡಿನ ಅರ್ಜಿಗೆ ಸಹಿ ಹಾಕಿದ್ದೀರಿ, ಹೀಗೆ ಮುರಿದುಕೊಳ್ಳಲು ಒಪ್ಪಿಗೆ ಅದರಲ್ಲೇ ಇದೆ’ ಎಂದೂ ಹೇಳಿದರು. ಇದ್ದರೆ ಆ ಪುಟದ ಪ್ರತಿ ಕೊಡಿ. ಎರಡು ಸಲ ಕೇಳಿದ್ದೇನೆ, ಬಂದಿಲ್ಲ.

ಇನ್ನು ವಸೂಲಿ ಏಜೆಂಟರ ಫೋನ್. ಬೆಳಿಗ್ಗೆ 8ರ ಮೊದಲು, ಸಂಜೆ 7ರ ನಂತರ ಸಾಲಗಾರರಿಗೆ ಕರೆ ಮಾಡಬಾರದು ಎಂದು ಆರ್‌ಬಿಐ 2022ರಲ್ಲೇ ಹೇಳಿದೆ. ನನಗೆ ರಾತ್ರಿ ಒಂಬತ್ತೂವರೆಗೆ ಬರುತ್ತದೆ. ಅದನ್ನಾದರೂ ತಡೆದುಕೊಳ್ಳಬಹುದು. ಸಾಲಕ್ಕೆ ಸಂಬಂಧವೇ ಇಲ್ಲದ ನನ್ನ ಅಳಿಯನಿಗೆ ಫೋನ್ ಮಾಡಿ ‘ನಿಮ್ಮ ಮಾವನಿಗೆ ಮರ್ಯಾದೆ ಇದೆಯಾ’ ಎಂದು ಕೇಳಿದ್ದಾರೆ. ಆ ದಿನದಿಂದ ಮಗಳ ಮನೆಗೆ ಹೋಗಲು ಮುಖವಿಲ್ಲ.

ಮುರಿದುಕೊಂಡ 11,200 ರೂಪಾಯಿ ವಾಪಸ್ ಹಾಕಿ. ಮುಂದಿನ ಪಿಂಚಣಿ ಬರುವ ಮೊದಲು ಈ ಖಾತೆಯ ಮೇಲಿನ ಆಟೋ ಡೆಬಿಟ್ ತೆಗೆಯಿರಿ. ಕಾರ್ಡ್ ಮುಚ್ಚಿ, ಬಡ್ಡಿ ನಿಲ್ಲಿಸಿ, ಒಂದು ಮೊತ್ತ ಗೊತ್ತು ಮಾಡಿ. ತಿಂಗಳಿಗೆ 2,500 ಕಟ್ಟುತ್ತೇನೆ. ಜಾಸ್ತಿ ಹೇಳಿ ಎರಡು ಕಂತಿಗೆ ತಪ್ಪಿಸುವುದಕ್ಕಿಂತ ಇಷ್ಟೇ ಎಂದು ಈಗಲೇ ಹೇಳುವುದು ವಾಸಿ. ಒಪ್ಪಿದರೆ ಬರವಣಿಗೆಯಲ್ಲಿ ಕೊಡಿ. ಫೋನಿನ ಮಾತಿನ ಮೇಲೆ ಸುಮ್ನೆ ಹಣ ಕಟ್ಟಲಾರೆ. ಮನೆಯವರಿಗೆ ಕರೆ ನಿಲ್ಲಲಿ, ಏನಿದ್ದರೂ ಪತ್ರದಲ್ಲಿ ತಿಳಿಸಿ.

ಪಿಂಚಣಿಯನ್ನು ಬೇರೆ ಬ್ಯಾಂಕಿಗೆ ಬದಲಾಯಿಸಲು ಖಜಾನೆಗೆ ಅರ್ಜಿ ಕೊಟ್ಟಿದ್ದೇನೆ. ತಪ್ಪಿಸಿಕೊಂಡು ಹೋದ ಎಂದು ಆಮೇಲೆ ಹೇಳಬೇಡಿ, ಅದಕ್ಕೇ ಮೊದಲೇ ಬರೆದಿದ್ದೇನೆ.

30 ದಿನಗಳಲ್ಲಿ ಉತ್ತರ ಬಾರದಿದ್ದರೆ ಇದೇ ಪತ್ರವನ್ನು ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್ ಅವರಿಗೆ ಕಳಿಸುತ್ತೇನೆ. ಪಾಸ್‌ಬುಕ್ ಪುಟ, ಪಿಂಚಣಿ ಆದೇಶದ ಪ್ರತಿ ಮತ್ತು ರಾತ್ರಿ ಬಂದ ಕರೆಗಳ ಪಟ್ಟಿ ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಖಾತೆದಾರ